ಹಿಡಿದದ್ದಾಯಿತು, ಶಿಕ್ಷೆ?

ನಮ್ಮ ಮಾಲೂರಿನ ಮಗ್ಗುಲಲ್ಲೇ ತಮಿಳುನಾಡಿನ ಹೊಸೂರು. ಅತ್ತ ಮುಳಬಾಗಿಲು, ಶ್ರೀನಿವಾಸಪುರ ದಾಟಿದರೆ ಆಂಧ್ರ. ಆಂಧ್ರ-ಒಡಿಶಾ ಗಡಿಯ ಗುಡ್ಡಗಳಲ್ಲಿ ಬೆಳೆದ ಗಾಂಜಾ ಬೆಂಗಳೂರು ಸೇರಲು ಇಂಥ ದಾರಿಗಳನ್ನೇ ಹುಡುಕುತ್ತದೆ.

ಪೊಲೀಸರು ಮಾಲು ಹಿಡಿದ ದಿನ ಫೋಟೊ ಬರುತ್ತದೆ, ಎಲ್ಲರೂ ಹಂಚಿಕೊಳ್ಳುತ್ತೇವೆ. ಕೇಸು ಏನಾಯಿತೆಂದು ಆಮೇಲೆ ಕೇಳುವವರು ಕಡಿಮೆ. ಮಾದಕವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆ ಬಲು ಬಿಗಿ: ಗಾಂಜಾ 20 ಕಿಲೋ ಮೀರಿದರೆ 10ರಿಂದ 20 ವರ್ಷ ಕಠಿಣ ಸಜೆ, ಕನಿಷ್ಠ 1 ಲಕ್ಷ ದಂಡ. ಶಿಕ್ಷೆ ಇಷ್ಟು ದೊಡ್ಡದಾದ್ದರಿಂದಲೇ ನ್ಯಾಯಾಲಯ ಪ್ರತಿ ಕಾಗದವನ್ನೂ ಜರಡಿ ಹಿಡಿಯುತ್ತದೆ. ಮಾಲು ತೂಗಿದ್ದು ಯಾರ ಎದುರು? ಅರಗಿನ ಮೊಹರು ಪ್ರಯೋಗಾಲಯ ಮುಟ್ಟುವವರೆಗೂ ಹಾಗೇ ಇತ್ತೇ? 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಮುಂದೆ ಸ್ಯಾಂಪಲ್ ತೆಗೆದರೇ? ಹಾಗೆ ಕೇಳಲೇಬೇಕು, ನಿರಪರಾಧಿಯ ಚೀಲದಲ್ಲೂ ಪೊಟ್ಟಣ ಇಡಬಹುದಲ್ಲ.

ನನ್ನ ಸಂಕಟ ಬೇರೆ. ಸಿಕ್ಕಿಬೀಳುವವನು ಹೆಚ್ಚಾಗಿ ಕೂಲಿಗೆ ಚೀಲ ಹೊತ್ತವನು. ಕಳಿಸಿದವನು ಇನ್ನೊಂದು ರಾಜ್ಯದಲ್ಲಿ ಹಾಯಾಗಿರುತ್ತಾನೆ. ಒಳಸಂಚಿನ 29ನೇ ಕಲಮು ಅವನಿಗೂ ಅದೇ ಶಿಕ್ಷೆ ಕೊಡುತ್ತದೆ, ಆದರೆ ಅದಕ್ಕೆ ಫೋನ್ ಕರೆಗಳ ವಿವರ, ಹಣದ ಜಾಡು ಬೇಕು. ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯಿಂದ ಶಿಕ್ಷೆ ಆಗದೆಂದು 2020ರಲ್ಲೇ ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ರಾಜ್ಯಗಳ ಪೊಲೀಸರು ಕೂಡಿ ಆ ಜಾಡು ಹಿಡಿಯದಿದ್ದರೆ ನಾಳೆ ಇನ್ನೊಬ್ಬ ಬಡಪಾಯಿ ಚೀಲ ಹೊರುತ್ತಾನೆ.

ಪೊಲೀಸರು ಮಹಜರಿಗೆ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆದರೆ ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಬರೆದದ್ದನ್ನು ಓದಿ ಸಹಿ ಹಾಕಿ, ಕೋರ್ಟಿನಲ್ಲಿ ಕಂಡದ್ದನ್ನೇ ಹೇಳಿ.