ಕಾದ ನೀರನ್ನು ಕಾಯುವುದು

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬಿಸಿಯಾಗುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ. ಸೊಲ್ಲಾಪುರದ ಬೇಸಗೆಯಲ್ಲಿ ಬಾಳುವ ನಮಗೆ ಇವೆರಡನ್ನೂ ಒಟ್ಟಿಗೆ ನೆನೆಯುವ ಪ್ರಸಂಗ ವರ್ಷವರ್ಷವೂ ಒದಗುತ್ತದೆ.

ನಮ್ಮದು ನೀರಿನ ಪುಣ್ಯದಿಂದ ಹೆಸರಾದ ಊರು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ೧೯೮೦ರಲ್ಲಿ ಭೀಮೆಗೆ ಉಜನಿ ಅಣೆಕಟ್ಟು ಬಂದಿತು. ಅಕ್ಕಲಕೋಟೆಯ ಕಡೆಗೆ ಬೋರಿ ನದಿಯ ಕುರನೂರು ಜಲಾಶಯವುಂಟು. ಆದರೆ ನೀರನ್ನು ತರುವ ಕಾಯಕ ಒಮ್ಮೆಗೆ ಮುಗಿಯಬಹುದು. ತಂದ ನೀರನ್ನು ಶುದ್ಧವಾಗಿಡುವ ಕಾಯಕ ದಿನದಿನದ್ದು. ಅದನ್ನು ಹೊಗಳಿ ಯಾರೂ ಶಾಸನ ಬರೆಸುವುದಿಲ್ಲ.

ತಂಪು ದೇಶಗಳಲ್ಲಿ ಈಜುಕೊಳದ ನೀರನ್ನು ಯಂತ್ರದಿಂದ ಕಾಯಿಸುತ್ತಾರೆ. ನಮ್ಮಲ್ಲಿ ವೈಶಾಖದ ಬಿಸಿಲು ೪೦ ಡಿಗ್ರಿ ದಾಟುವುದು ವಾಡಿಕೆಯಾದ್ದರಿಂದ ಸೂರ್ಯನೇ ಬಿಟ್ಟಿಯಾಗಿ ಒಲೆ ಹೊತ್ತಿಸುತ್ತಾನೆ. ಒಲೆ ಯಾವುದಾದರೇನು, ಬೆಚ್ಚನೆಯ ನೀರಿನ ಸ್ವಭಾವ ಒಂದೇ. ಅದರಲ್ಲಿ ಹಲವು ರೋಗಾಣುಗಳು ಬೇಗ ಬೆಳೆಯುತ್ತವೆ. ಮಿಂದವರು ಹೆಚ್ಚು ಬೆವರುತ್ತಾರೆ. ರೋಗಾಣುಗಳನ್ನು ಕೊಲ್ಲಬೇಕಾದ ಕ್ಲೋರಿನ್ ಶಾಖಕ್ಕೂ ಬಿಸಿಲಿಗೂ ಬೇಗ ಕರಗಿಹೋಗುತ್ತದೆ. ಅಂದರೆ ಶತ್ರು ಬೆಳೆಯುವಾಗಲೇ ಕಾವಲುಗಾರ ಸೊರಗುತ್ತಾನೆ. ಆದುದರಿಂದಲೇ ಸಾಧಾರಣ ಈಜುಕೊಳದಲ್ಲಿ ಲೀಟರಿಗೆ ಕನಿಷ್ಠ ೧ ಮಿಲಿಗ್ರಾಂ ಕ್ಲೋರಿನ್ ಇರಬೇಕೆಂದೂ, ಬಿಸಿನೀರಿನ ತೊಟ್ಟಿಯಲ್ಲಿ ಕನಿಷ್ಠ ೩ ಇರಬೇಕೆಂದೂ, ತೊಟ್ಟಿಯ ಶಾಖ ೪೦ ಡಿಗ್ರಿ ಮೀರಬಾರದೆಂದೂ ತಿಳಿದವರು ವಿಧಿಸಿದ್ದಾರೆ. ಈ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ೧೯೯೯ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಬೋವನ್‌ಕಾರ್ಸ್ಪೆಲ್ ಊರಿನ ಪುಷ್ಪಪ್ರದರ್ಶನವೇ ಸಾಕ್ಷಿ. ಅಲ್ಲಿ ನೋಟಕ್ಕೆಂದು ಇಟ್ಟಿದ್ದ ಬಿಸಿನೀರಿನ ತೊಟ್ಟಿಯಿಂದ ಎದ್ದ ತುಂತುರನ್ನು ಉಸಿರಾಡಿ, ಲೀಜಿಯೊನೆಲ್ಲಾ ಎಂಬ ರೋಗಾಣುವಿನಿಂದ ಸುಮಾರು ಮೂವತ್ತು ಮಂದಿ ತೀರಿಕೊಂಡರು. ಅವರು ನೀರಿಗೆ ಇಳಿದವರೂ ಅಲ್ಲ, ಬರಿಯ ದಾರಿಹೋಕರು.

ಒಂದು ಬೇಸಗೆಯಲ್ಲಿ ನಾವು ಕೆಲವು ವಿದ್ಯಾರ್ಥಿಗಳನ್ನು ಈಜು ಕಲಿಸಲೆಂದು ಒಂದು ಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಹುಡುಗರು ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬರುತ್ತಿದ್ದರು, ಗಾಳಿಯಲ್ಲೆಲ್ಲ ಘಾಟು. ಕೊಳ ನೋಡಿಕೊಳ್ಳುವಾತ ಅಕ್ಕಲಕೋಟೆ ತಾಲೂಕಿನ ಹಳ್ಳಿಯವನು, ಕನ್ನಡ ಶಾಲೆಯಲ್ಲಿ ಓದಿದವನು. “ವಾಸನಿ ಜೋರ ಬಂತಂದ್ರ ನೀರು ಸ್ವಚ್ಛ ಆದಂಗರಿ ಗುರುಗಳ,” ಎಂದು ಅವನು ನಂಬಿಕೆಯಿಂದ ಹೇಳಿದನು.

ಇದು ಅವನೊಬ್ಬನ ನಂಬಿಕೆಯಲ್ಲ, ಲೋಕದ ನಂಬಿಕೆ. ವಾಸ್ತವವಾಗಿ ಆ ಘಾಟು ಶುದ್ಧಿಯ ಗುರುತಲ್ಲ. ಬೆವರು, ಮೂತ್ರಗಳ ಅಂಶದೊಡನೆ ಕೂಡಿ ಕ್ಲೋರಿನ್ ಕ್ಲೋರಮೀನ್ ಎಂಬ ವಸ್ತುವಾಗುತ್ತದೆ. ಕಣ್ಣು ಉರಿಸುವುದೂ ಮೂಗಿಗೆ ಅಡರುವುದೂ ಅದೇ. ಕೊಳಕ್ಕೆ ಇಳಿಯುವ ಮೊದಲು ಮೈ ತೊಳೆದುಕೊಳ್ಳಬೇಕೆಂಬ ಕಟ್ಟಳೆಯ ಅರ್ಥ ಇಲ್ಲಿದೆ.

ಇನ್ನೊಂದು ಸೂಕ್ಷ್ಮವುಂಟು. ಬ್ಲೀಚಿಂಗ್ ಪುಡಿ ಸ್ವತಃ ಕ್ಷಾರ. ಅದನ್ನು ಸುರಿದಷ್ಟೂ ನೀರಿನ ಪಿ.ಎಚ್. ಏರುತ್ತದೆ. ಪಿ.ಎಚ್. ೭.೫ ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧಭಾಗ ಚುರುಕಾಗಿ ಕೆಲಸ ಮಾಡುತ್ತದೆ. ೮ನ್ನು ದಾಟಿದರೆ ಕಾಲುಭಾಗವೂ ಮಾಡದು. ನಮ್ಮ ಕಡೆಯ ಬಾವಿಗಳ ಗಡಸು ನೀರಿನಲ್ಲಿ ಪಿ.ಎಚ್. ಏರಿದರೆ ಸುಣ್ಣದ ಪೊರೆಯೂ ಕಟ್ಟುತ್ತದೆ. ಬಚ್ಚಲ ಹಂಡೆಯೊಳಗೆ ಅದನ್ನು ಎಲ್ಲರೂ ಕಂಡಿದ್ದೇವೆ. ಆದಕಾರಣ ಪುಡಿ ಸುರಿಯುವ ಮೊದಲು ಪರೀಕ್ಷೆಯ ಪೆಟ್ಟಿಗೆಯಿಂದ ನೀರಿನ ಬಣ್ಣ ನೋಡಬೇಕು, ಪಿ.ಎಚ್. ಹೆಚ್ಚಿದ್ದರೆ ಅಳತೆಯಾಗಿ ಆಮ್ಲ ಬೆರೆಸಿ ೭.೨ರಿಂದ ೭.೮ರೊಳಗೆ ತರಬೇಕು.

ನಮ್ಮನ್ನು ಬೆಚ್ಚಿಸಿದ್ದು ಘಾಟಲ್ಲ, ಆ ಕೊಳದ ಉಗ್ರಾಣ. ಪುಡಿಯ ಚೀಲಕ್ಕೆ ಒರಗಿ ಆ್ಯಸಿಡ್ಡಿನ ಕ್ಯಾನು ನಿಂತಿತ್ತು. ಎರಡಕ್ಕೂ ಒಂದೇ ಬಕೆಟ್ಟು. ಅವೆರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ೧೯೧೫ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ್ದು ಅದೇ ಅನಿಲ. ಚೀಲದ ಮೇಲೆ ಎಚ್ಚರಿಕೆ ಅಚ್ಚಾಗಿರಲಿಲ್ಲವೆಂದಲ್ಲ; ಅದು ಇಂಗ್ಲಿಷಿನಲ್ಲಿತ್ತು. ದಿನವೂ ಅದನ್ನು ಎತ್ತಿ ಸುರಿಯುವ ಕೈಯ ಒಡೆಯನಿಗೆ ಬರುತ್ತಿದ್ದ ಅಕ್ಷರ ಕನ್ನಡ.

ಮರುದಿನ ನಮ್ಮ ವಿದ್ಯಾರ್ಥಿಗಳು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ ಐದು ಸಾಲು ಬರೆದರು: ಪುಡಿಯನ್ನೂ ಆ್ಯಸಿಡ್ಡನ್ನೂ ಎಂದೂ ಕೂಡಿಸಬೇಡಿರಿ. ಎರಡನ್ನೂ ಬೇರೆ ಕೋಣೆಗಳಲ್ಲಿ, ಒಣಗಿದ ಜಾಗದಲ್ಲಿ ಇಡಿರಿ. ಒಂದಕ್ಕೆ ಬಳಸಿದ ಬಕೆಟ್ಟನ್ನು ಇನ್ನೊಂದಕ್ಕೆ ಬಳಸಬೇಡಿರಿ. ನೀರಿಗೆ ಔಷಧವನ್ನು ಹಾಕಿರಿ, ಔಷಧದ ಮೇಲೆ ನೀರನ್ನು ಹೊಯ್ಯಬೇಡಿರಿ. ಕೊಳದಲ್ಲಿ ಜನರಿರುವಾಗ ಏನನ್ನೂ ಸುರಿಯಬೇಡಿರಿ.

ಆತ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದನು. ಅನಂತರ ನಾವು ಹೇಳುವ ಮೊದಲೇ ಕ್ಯಾನನ್ನು ಹೊತ್ತು ಆಚೆಯ ಕೋಣೆಗೆ ನಡೆದನು.

ಕನ್ನಡದಲ್ಲಿ ವಿಜ್ಞಾನ ಕಲಿತು ಪ್ರಯೋಜನವೇನೆಂದು ಗಡಿನಾಡಿನ ನಮ್ಮನ್ನು ಹಲವರು ಕೇಳುತ್ತಾರೆ. ಆಮ್ಲ, ಕ್ಷಾರ ಎಂಬ ಮಾತುಗಳನ್ನು ಮಕ್ಕಳು ಅಂಕಗಳಿಗಾಗಿ ಬಾಯಿಪಾಠ ಮಾಡುವುದೂ ಉಂಟು. ಅಂದು ಮಾತ್ರ ಆ ಮಾತುಗಳು ಒಬ್ಬ ಮನುಷ್ಯನ ಉಸಿರಿಗೆ ಕಾವಲು ನಿಂತವು. ನಮ್ಮ ಶಾಲೆಗಳ ನೀರಿನ ತೊಟ್ಟಿಯ ಪಕ್ಕದಲ್ಲಿಯೂ ಬ್ಲೀಚಿಂಗ್ ಪುಡಿಯ ಡಬ್ಬಿ ಇರುತ್ತದೆ. ಉಪಾಧ್ಯಾಯ ಬಂಧುಗಳು ನಾಳೆಯೇ ಅದನ್ನೊಮ್ಮೆ ನೋಡಿ, ಅದರ ಮೇಲೆ ಕನ್ನಡದ ಚೀಟಿಯೊಂದನ್ನು ಮಕ್ಕಳ ಕೈಯಿಂದಲೇ ಬರೆಯಿಸಿ ಅಂಟಿಸಬೇಕೆಂದು ನಮ್ಮ ಬಿನ್ನಹ.