ಸಮಾ ಕೂತ್ಕೊ ಮಾರಾಯ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೊಚ್ಚಿಯ ವೈಟ್ಟಿಲದಲ್ಲಿ ನೆಟ್ಟಗೆ ನಿಂತಿರುವುದು ಮೇಲ್ಸೇತುವೆಯ ಕಂಬಗಳು ಮಾತ್ರ. ಬಸ್ಸಿಳಿದವರು, ಮೆಟ್ರೋ ಹಿಡಿಯಲು ಹೊರಟವರು, ಕಾಕ್ಕನಾಡಿನ ಬೋಟ್ ಕಾಯುವ ನನ್ನಂಥವರು, ಎಲ್ಲರ ಕತ್ತೂ ಮೊಬೈಲಿಗೆ ಶರಣು. 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೋ ಶುರುವಾದ ಹೊಸತರಲ್ಲಾದರೂ ಜನ ಹಿನ್ನೀರು ನೋಡುತ್ತಿದ್ದರು. ಈಗ ಬೋಟಿನ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು ಸುಮ್ಮನೆ ದಂಡ.

ಮನುಷ್ಯನ ತಲೆ ಐದು ಕಿಲೋ ಆಸುಪಾಸು ತೂಗುತ್ತದಂತೆ. ಒಳಗೆ ಬುದ್ಧಿ ಎಷ್ಟಿದೆ ಎಂಬುದಕ್ಕೂ ತೂಕಕ್ಕೂ ಸಂಬಂಧವಿಲ್ಲ, ಅದೊಂದು ಸಮಾಧಾನ. ಅದೇ ತಲೆಯನ್ನು 60 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋ ಎಂದು ಅಮೆರಿಕದ ಬೆನ್ನುಮೂಳೆ ವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಅರ್ಧ ಮೂಟೆ ಅಕ್ಕಿ! ಕೇರಳದಲ್ಲಿ ಹಿಂದೆ ಭಾರ ಹೊರದೆ ಬರೀ ನೋಡುತ್ತ ನಿಂತವರಿಗೂ 'ನೋಕ್ಕುಕೂಲಿ' ಕೊಡಬೇಕಿತ್ತು. 2018ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ನೋಡುವ ಕಣ್ಣಿಗಾಗಿ ಬಿಟ್ಟಿ ಹೊರುವ ಕತ್ತಿಗೆ ಮಾತ್ರ ಇವತ್ತಿಗೂ ಯೂನಿಯನ್ ಇಲ್ಲ.

ಕುಂಬಳೆ ಕಡೆಯ ನಮ್ಮ ಮನೆಯಲ್ಲಿ ಅಂಥದೊಂದು ಯೂನಿಯನ್ ಇತ್ತು. ಅದರ ಲೀಡರ್ ಅಜ್ಜಿ. ಓದಲು ಕೂತಾಗ ಸದ್ದಿಲ್ಲದೆ ಹಿಂದಿನಿಂದ ಬಂದು, ಅಡಿಕೆ ಚೊಗರಿಗೆ ಕಪ್ಪಾದ ತೋರುಬೆರಳನ್ನು ಬೆನ್ನಿನ ನಟ್ಟನಡುವೆ ಒತ್ತಿ, "ಸಮಾ ಕೂತ್ಕೊ ಮಾರಾಯ, ಗೂನು ಬೆನ್ನಿನವನಿಗೆ ಯಾರು ಹೆಣ್ಣು ಕೊಡ್ತಾರೆ?" ಎನ್ನುತ್ತಿದ್ದಳು. ಹಿಡಿಸೂಡಿ ಹಿಡಿದು ಅಂಗಳ ಗುಡಿಸಿ, ಅಡಿಕೆ ಹೆಕ್ಕಿ ಹೆಕ್ಕಿ ಅವಳ ಬೆನ್ನೇ ಬಾಗಿಹೋಗಿತ್ತು. ನೆಲ ನೋಡಿಕೊಂಡೇ ನಮ್ಮನ್ನೆಲ್ಲ ನೆಟ್ಟಗೆ ಮಾಡಿದಳು. ಇದ್ಯಾವ ನ್ಯಾಯ ಎಂದು ಕೇಳುವ ಧೈರ್ಯ ಅಜ್ಜನಿಗೂ ಇರಲಿಲ್ಲ.

ಈಗ ಆ ಕೆಲಸ ನನ್ನ ಕೈಗಡಿಯಾರದ್ದು. ಗಂಟೆಗೊಮ್ಮೆ ಗುರ್ ಎಂದು ಎಬ್ಬಿಸುತ್ತದೆ. ಬಟನ್ ಒತ್ತಿದರೆ ತೆಪ್ಪಗಾಗುತ್ತದೆ. ಅಜ್ಜಿಗೆ ಬಟನ್ ಇರಲಿಲ್ಲ.

ಇಲ್ಲಿಯ ಫಿಸಿಯೋಥೆರಪಿಸ್ಟ್ ಅಂತೂ ಸೆಟೆದು ಕೂರುವುದನ್ನೂ ಒಪ್ಪುವುದಿಲ್ಲ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಪಾದ ನೆಲಕ್ಕೆ ತಾಗಿರಲಿ, ಆದರೆ ಅರ್ಧ ಗಂಟೆಗೊಮ್ಮೆ ಏಳಲೇಬೇಕು ಎನ್ನುತ್ತಾರೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳಿಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಸುತ್ತಲಿನಿಂದ ಒಸರಿ ಬಂದದ್ದೇ ಅವುಗಳ ಊಟ, ಮೈ ಅಲುಗಾಡುತ್ತಿದ್ದರೆ ಬಡಿಸುವುದು ಸಲೀಸು. "ಹಾಗಾದರೆ ಶ್ರವಣಬೆಳಗೊಳದಲ್ಲಿ 981ರಿಂದ ಅಲುಗಾಡದೆ ನಿಂತ ನಮ್ಮ ಗೊಮ್ಮಟ?" ಎಂದೆ. "ಅವರಿಗೆ ಲ್ಯಾಪ್‌ಟಾಪ್ ಇಲ್ಲವಲ್ಲ" ಎಂದರು.

ಮೊನ್ನೆ ಬೋಟಿನಲ್ಲಿ ನನ್ನೆದುರು ಬಿಳಿ ಚಟ್ಟೆ ರವಿಕೆ, ಮುಂಡಿನ ಅಮ್ಮಚ್ಚಿಯೊಬ್ಬರು ಕೂತಿದ್ದರು. ಪಕ್ಕದಲ್ಲಿ ಮೂಗು ಮೊಬೈಲಿಗೆ ತಾಗುವಷ್ಟು ಬಾಗಿದ ಮೊಮ್ಮಗ. ಅಮ್ಮಚ್ಚಿ ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ, "ನಿವರ್ನಿರಿಕ್ಕೆಡಾ!" ಎಂದು ಒಂದು ಗದರಿಕೆ. ಮಲಯಾಳದ 'ಸಮಾ ಕೂತ್ಕೊ'. ಮಲಯಾಳ ಬಾರದ ಹಿಂದಿ ಹುಡುಗರೂ ಸೇರಿದಂತೆ ಆ ಸಾಲು, ಈ ಸಾಲಿನ ಬೆನ್ನುಗಳೆಲ್ಲ ಒಟ್ಟಿಗೇ ನೆಟ್ಟಗಾದವು. ನನ್ನದು ಎಲ್ಲಕ್ಕಿಂತ ಮೊದಲು. ಮೊಮ್ಮಗ ಮಾತ್ರ ಹಾಗೆಯೇ ಬಾಗಿಕೊಂಡಿದ್ದ. ಅವನ ಕಿವಿಯಲ್ಲಿ ಇಯರ್‌ಫೋನ್.