ಕುಂತ ಹೊತ್ತಿನ ಲೆಕ್ಕ

‘ಗೃಹಿಣಿಯರ ಬಿಡುವಿನ ವೇಳೆಗೆ’ ಎಂಬ ಮಾತನ್ನು ನಾನು ಮೊದಲು ಓದಿದ್ದು ಬೆಲ್ಲ ಕಟ್ಟಿಕೊಂಡು ಬಂದ ಕಾಗದದ ಮೇಲೆ. ಯಾವುದೋ ವಾರಪತ್ರಿಕೆಯ ಹಾಳೆ. ಅರ್ಧ ತಾಸಿನಲ್ಲಿ ಮಾಡಬಹುದಾದ ತಿಂಡಿ, ದಿಂಬಿನ ಚೀಲಕ್ಕೆ ಹಾಕಬಹುದಾದ ಹೂವು, ಮಧ್ಯಾಹ್ನ ಅಡ್ಡಾಗಿ ಓದಬಹುದಾದ ಕಾದಂಬರಿ, ಮೂರೂ ಒಂದೇ ಪುಟದಲ್ಲಿದ್ದವು. ಅದನ್ನು ಅವ್ವಗೆ ಓದಿ ಹೇಳಿದೆ. ಅವ್ವ ಕೇಳಿದ್ದು ಒಂದೇ ಮಾತು: “ಆ ಬಿಡುವು ಅನ್ನೋದು ಯಾವ ಹೊತ್ತಿಗೆ ಬರ್ತದವಾ?”

ಹೊತ್ತು ಮೂಡುವ ಮುಂಚೆ ಧಣಿಯ ಹೊಲ, ಹೊತ್ತು ಮುಳುಗಿದ ಮೇಲೆ ನಮ್ಮ ಒಲೆ. ನಡುವೆ ಬಿಡುವು ಎಲ್ಲಿಂದ ಬರಬೇಕು? ನಮ್ಮ ಸಂಘಟನೆಯ ಗೆಳೆಯರು ಅಡುಗೆ, ಹೊಲಿಗೆ ಅಂದರೆ ಮೂಗು ಮುರಿಯುತ್ತಾರೆ. ಅವು ಹೆಣ್ಣನ್ನು ಕಟ್ಟಿಹಾಕಿದ ಹಗ್ಗ ಎನ್ನುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಸರಿ ಇರಬಹುದು. ಆದರೆ ನಮ್ಮ ಕೇರಿಯ ಹೆಂಗಸರಿಂದ ಕಸಿದುಕೊಂಡದ್ದು ಹೊಲ, ಕೂಲಿ, ಮಾನ ಮಾತ್ರ ಅಲ್ಲ. ತನ್ನ ಮನೆಯ ಬಾಗಿಲಲ್ಲಿ ತಾನು ಕುಂತು, ತನಗೆ ಬೇಕಾದ್ದನ್ನು ತನ್ನ ಕೈಯಿಂದ ಮಾಡಿಕೊಳ್ಳುವ ಹೊತ್ತನ್ನೂ ಕಸಿದುಕೊಂಡರು. ಆ ಹೊತ್ತಿನ ಲೆಕ್ಕ ಯಾವ ಮನವಿ ಪತ್ರದಲ್ಲೂ ನಾನು ಓದಿಲ್ಲ.

ನಮ್ಮದು ಮುದಗಲ್ಲು. ಕೃಷ್ಣೆ-ತುಂಗಭದ್ರೆಯ ನಡುವಿನ ದೋಆಬು. ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಈ ಕೋಟೆಗೆ ಬಡಿದಾಡಿದ್ದನ್ನು ಪಾಠದಲ್ಲಿ ನಾನೇ ಮಕ್ಕಳಿಗೆ ಹೇಳುತ್ತೇನೆ. ಚರಿತ್ರೆಕಾರ ಫೆರಿಷ್ತಾ ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮಗಳ ಕತೆ ಬರೆದಿದ್ದಾನೆ. ಆಕೆಗಾಗಿ 1406ರಲ್ಲಿ ದೇವರಾಯನಿಗೂ ಫಿರೋಜ್ ಶಾಹನಿಗೂ ಯುದ್ಧ ಆಯಿತಂತೆ. ಮುದಗಲ್ಲಿನ ಹೆಣ್ಣೊಬ್ಬಳು ಚರಿತ್ರೆಯೊಳಗೆ ಬರಬೇಕಾದರೆ ಇಬ್ಬರು ರಾಜರು ಹೊಡೆದಾಡಬೇಕು! ಕೋಟೆಯ ಕಲ್ಲು ಹೊತ್ತವರ ಹೆಂಡಂದಿರು ಆ ದಿನ ಏನು ಅಡುಗೆ ಮಾಡಿದ್ದರು ಎಂದು ಯಾವ ಫೆರಿಷ್ತಾನೂ ಬರೆಯಲಿಲ್ಲ.

ನಾನು ಊಹೆ ಮಾಡಬಲ್ಲೆ. ರೊಟ್ಟಿ ಬಡಿದಿದ್ದರು.

ಜೋಳದ ರೊಟ್ಟಿಯನ್ನು ‘ಸರಳ ಅಡುಗೆ’ ಎಂದು ಯಾರಾದರೂ ಬರೆದರೆ ಅವರು ಒಮ್ಮೆ ಬಡಿದು ನೋಡಬೇಕು. ಗೋಧಿ ಹಿಟ್ಟಿಗೆ ತನ್ನದೇ ಜಿಗಿ ಇದೆ, ಎಳೆದರೆ ಹಿಗ್ಗುತ್ತದೆ. ಜೋಳಕ್ಕೆ ಅದಿಲ್ಲ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಬಿಸಿ ಇರುವಾಗಲೇ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿದರೆ ಮಾತ್ರ ಅಂಟು ಬರುತ್ತದೆ. ಹಿಟ್ಟು ಹಳೆಯದಾದರೆ ಅಂಚು ಸೀಳುತ್ತದೆ. ಬಡಿಯುವಾಗ ಒಂದು ಕೈ ತಟ್ಟಬೇಕು, ಇನ್ನೊಂದು ಕೈ ತಿರುಗಿಸಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ನೀರು ಆರುವ ಮುಂಚೆ ಹೊರಳಿಸಬೇಕು. ತಡ ಆದರೆ ಉಬ್ಬುವುದಿಲ್ಲ. ಉಬ್ಬಿದ ರೊಟ್ಟಿ ನೋಡಿ ಅವ್ವನ ಮಾರಿ ಮೇಲೆ ಬರುತ್ತಿದ್ದ ನಗು ನನಗೆ ಇವತ್ತಿಗೂ ನೆನಪಿದೆ. ದಿನಾ ಮೂವತ್ತು ರೊಟ್ಟಿ ಬಡಿಯುವಾಕೆಗೂ ಪ್ರತಿ ರೊಟ್ಟಿಗೆ ಆ ನಗು ಬರುತ್ತಿತ್ತು. ಅದು ಗುಲಾಮಗಿರಿಯ ನಗು ಎಂದು ನನಗೆ ಯಾರೂ ಹೇಳಬೇಡಿ. ಕೈ ತನ್ನ ಕೆಲಸವನ್ನು ಬಲ್ಲದು ಎಂಬ ಖುಷಿ ಅದು.

ರೊಟ್ಟಿಗೆ ಜೊತೆ ಪುಂಡಿಪಲ್ಯ. ಪುಂಡಿ ನಮ್ಮವರಿಗೆ ಎರಡು ಸಲ ಒದಗುವ ಗಿಡ. ಎಳೆಯದಾಗಿದ್ದಾಗ ಅದರ ಹುಳಿ ಎಲೆ ಊಟಕ್ಕೆ, ಬಲಿತ ಮೇಲೆ ಅದರ ನಾರು ಹಗ್ಗಕ್ಕೆ. ಆ ಹಗ್ಗ ಹೊಸೆದವರೂ ನಮ್ಮವರೇ, ಅದನ್ನು ಹಿಡಿದು ಬಾವಿಯಲ್ಲಿ ನೀರು ಸೇದಿದವರು ಬೇರೆಯವರು. ಪುಂಡಿ ಸೊಪ್ಪು ಕುದಿಸಿ, ಹುಳಿ ನೀರು ಒಂದಿಷ್ಟು ಬಸಿದು, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಇದ್ದರೆ ಒಂದು ಹಿಡಿ ತೊಗರಿಬೇಳೆ ಹಾಕಿ ಮತ್ತೆ ಕುದಿಸಿ ಕಡಗೋಲಿನಿಂದ ಮಸೆದರೆ ಆಯಿತು. ಎಣ್ಣೆ ಇದ್ದ ದಿನ ಬಳ್ಳೊಳ್ಳಿ ಒಗ್ಗರಣೆ. ಇಲ್ಲದ ದಿನ ಇಲ್ಲ. ಒಗ್ಗರಣೆಯ ವಾಸನೆ ಕೇರಿಯಲ್ಲಿ ಹರಡಿದರೆ ಸಾಕು, “ಇವತ್ತು ಅವರ ಮನ್ಯಾಗ ಎಣ್ಣಿ ಬಂದೈತಿ” ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಇನ್ನು ಕೌದಿ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಮಾತಾಡಿದರೆ ಗೆಳೆಯರು ಬ್ಯಾಸರ ಮಾಡಿಕೊಳ್ಳಬಾರದು.

ಸುಗ್ಗಿ ಮುಗಿದು ಹೊಲದಲ್ಲಿ ಕೂಲಿ ಇಲ್ಲದ ಬ್ಯಾಸಗಿಯಲ್ಲಿ ಕೇರಿಯ ಬೇವಿನ ಗಿಡದ ನೆಳ್ಳಿಗೆ ಕೌದಿಗಳು ಬೀಳುತ್ತಿದ್ದವು. ಉಟ್ಟು ಉಟ್ಟು ಹರಿದ ನಾಕೈದು ಸೀರೆ ಒಂದರ ಮೇಲೊಂದು ಹಾಸಿ, ಮೂಲೆಗೆ ಕಲ್ಲಿಟ್ಟು, ಸುಕ್ಕು ಬಿಡಿಸಿ, ದೊಡ್ಡ ಹೊಲಿಗೆಯಿಂದ ಹಿಡಿಸುವುದು ಮೊದಲ ಕೆಲಸ. ಮೇಲೆ ಬಣ್ಣ ಬಣ್ಣದ ತುಂಡು. ಇಲಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಅಪ್ಪನ ಅಂಗಿಯ ಬೆನ್ನು, ಸತ್ತ ತಮ್ಮನ ಕುಂಚಿಗೆ. ಅಂಚಿನಿಂದ ಹೊರಟ ಹೊಲಿಗೆ ಸಾಲು ಸಾಲಾಗಿ ನಡುವಿನ ಕಡೆ ಬರುತ್ತದೆ, ಸಾಲಿಗೂ ಸಾಲಿಗೂ ಒಂದು ಬೆರಳಿನಷ್ಟು ಜಾಗ. ಬಾಣಂತಿಗೆ ಮೆತ್ತನ್ನದು, ಕೂಸಿಗೆ ಸಣ್ಣದು, ಚಳಿಗೆ ದಪ್ಪನ್ನದು. ಒಂದು ದೊಡ್ಡ ಕೌದಿಗೆ ನಾಲ್ಕು ಹೆಂಗಸರು ನಾಲ್ಕು ಮಗ್ಗುಲಿಗೆ ಕುಂತರೂ ವಾರ ಬೇಕು. ಆ ವಾರದಲ್ಲಿ ಯಾರ ಗಂಡ ಕುಡಿದು ಬಡಿದ, ಯಾವ ಧಣಿಯ ಕೂಲಿ ಎಷ್ಟು ಬಾಕಿ, ಯಾವ ಹುಡುಗಿಗೆ ಯಾವ ಊರಿನ ವರ, ಎಲ್ಲ ಸೂಜಿಯ ಜೊತೆಗೇ ಓಡುತ್ತಿತ್ತು. ನಮ್ಮ ಹೆಂಗಸರ ಮೊದಲ ಸಂಘಟನೆ ಅದು. ಅಧ್ಯಕ್ಷರಿಲ್ಲ, ಹಾರ-ತುರಾಯಿ ಇಲ್ಲ.

ನಡುವಿಗೆ ಬಂದು ಕೊನೆಯ ಕಿಂಡಿ ಮುಚ್ಚುವ ಮುಂಚೆ ಅವ್ವ ಒಂದು ಚೂರು ಒಣ ರೊಟ್ಟಿ ಮುರಿದು ಒಳಗೆ ತುರುಕುತ್ತಿದ್ದಳು. “ಕೌದಿ ಹೊಟ್ಟಿ ಹಸಕೊಂಡಿರಬಾರದು, ಹೊತ್ಕೊಂಡವರಿಗೂ ಹಸಿವು ಹತ್ತತೈತಿ” ಎನ್ನುವಳು. ಮೂಢನಂಬಿಕೆ ಎನ್ನಬಹುದು. ಹಸಿವನ್ನು ಕಂಡವರ ನಂಬಿಕೆ ಎಂದೂ ಅನ್ನಬಹುದು.

ಧಣಿಯ ಮನೆಯವರಿಗೂ ಅವ್ವ ಕೌದಿ ಹೊಲಿಯುತ್ತಿದ್ದಳು. ಬಟ್ಟೆ ಅವರದು, ಸೂಜಿ, ದಾರ, ಬೆನ್ನು ನಮ್ಮದು. ಒಂದು ಕೌದಿಗೆ ನಾಲ್ಕು ಸೇರು ಜೋಳ. 1983ರ ಬ್ಯಾಸಗಿಯಲ್ಲಿ ಒಂದು ಬಾಣಂತಿ ಕೌದಿ ಹೊಲಿದು ತಲೆಯ ಮೇಲೆ ಇಟ್ಟುಕೊಂಡು ಹೋದಳು. ನಾನು ಹಿಂದೆ ಹೋಗಿದ್ದೆ. ಬಾಗಿಲ ಕಟ್ಟೆಯ ಮೇಲೆ ಇಡು ಎಂದರು, ಇಟ್ಟಳು. ಒಳಗಿನಿಂದ ಒಬ್ಬ ಮುದುಕಿ ತಂಬಿಗೆ ತಂದು ಕೌದಿಯ ಮೇಲೆ ನೀರು ಚಿಮುಕಿಸಿ, “ಹಸಗೂಸಿನ ಮ್ಯಾಲ ಹಾಕೋದದ” ಎಂದಳು. ಹಿಂದಿನ ವರ್ಷಗಳಲ್ಲೂ ಹೀಗೆಯೇ ಚಿಮುಕಿಸುತ್ತಿದ್ದರಂತೆ, ಆದರೆ ಅವ್ವ ಬಂದ ಮೇಲೆ. ಆವತ್ತು ಕಣ್ಣ ಮುಂದೆಯೇ ಆಯಿತು.

ಅವ್ವ ಹೇಳಿದಳು: “ಮ್ಯಾಲಿನದು ತೊಳೀತದ ಅವ್ವಾರ. ಒಳಗಿನ ನನ್ನ ದಾರ ಹೆಂಗ ತೊಳೀತೀರಿ?”

ಕೂಗಲಿಲ್ಲ, ಅಳಲಿಲ್ಲ. ಜೋಳ ಕಟ್ಟಿಕೊಂಡು ಬಂದಳು. ಮುಂದಿನ ವರ್ಷ ಹೇಳಿ ಕಳಿಸಿದಾಗ ಹೋಗಲಿಲ್ಲ. ಇದಕ್ಕೆ ದಂಡ ಬಿತ್ತು. ಮಳೆಗಾಲದ ಕೈಗಡ ಜೋಳ ನಿಂತುಹೋಯಿತು. ಅಪ್ಪನನ್ನು ಹೊಲದ ಕೆಲಸಕ್ಕೆ ಕರೆಯಲಿಲ್ಲ. ಅವ್ವ, ದೊಡ್ಡವ್ವ ಇಬ್ಬರೂ ಸಿಂಧನೂರು ಕಡೆಗೆ ನೆಲ್ಲು ನಾಟಿಗೆ ಗುಳೆ ಹೋದರು. ತುಂಗಭದ್ರಾ ಎಡದಂಡೆ ಕಾಲುವೆ ಅಲ್ಲಿ ಕೆಸರು ಮಾಡಿತ್ತು, ನಮ್ಮ ಕಡೆ ಬರೀ ಎರಿ ನೆಲದ ಬಿರುಕು. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಕೊಳೆತು ಬಂದಳು. ಆ ವರ್ಷ ಕೌದಿ ಹೊಲಿಯಲಿಲ್ಲ. ಕುಂತ ಹೊತ್ತಿಗೆ ನಮ್ಮವರು ಕೊಟ್ಟ ಬೆಲೆ ಅದು.

ಅದೇ ಕಾಲಕ್ಕೆ ನನಗೆ ಶಾಲೆಯಲ್ಲಿ ಹೊಲಿಗೆಯ ಪಿರೇಡು ಇತ್ತು. ಮರದ ರಿಂಗು, ಹೊಳೆಯುವ ದಾರದ ಲಡಿ ತರಬೇಕು. ನನ್ನಲ್ಲಿ ಇದ್ದದ್ದು ಅವ್ವನ ಕೌದಿ ಸೂಜಿ. ನಾನು ಹಾಕಿದ ಸಾಲು ನೇರ ಬಂದಿತ್ತು, ಆದರೆ ಅಕ್ಕೋರು ನೋಡಿ “ಇದು ಕಸೂತಿ ಅಲ್ಲ, ತ್ಯಾಪಿ” ಎಂದು ಪಕ್ಕಕ್ಕೆ ಇಟ್ಟರು. ಧಾರವಾಡ ಕಡೆಯ ಕಸೂತಿಯ ಮೇಲೆ ನನಗೇನೂ ಸಿಟ್ಟಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಕಣ್ಣಿಗೆ ಹಬ್ಬವೇ. ಆದರೆ ಹೊಸ ಸೀರೆಯ ಮೇಲೆ ಹಾಕಿದ ಹೊಲಿಗೆ ಕಲೆ, ಹರಕು ಸೀರೆಯ ಮೇಲೆ ಹಾಕಿದ್ದು ತ್ಯಾಪಿ ಎಂಬ ವಿಭಾಗ ಯಾರು ಮಾಡಿದರು? ಈಗ ಪ್ಯಾಟಿಯ ಪ್ರದರ್ಶನಗಳಲ್ಲಿ ಅದೇ ಕೌದಿಯನ್ನು ಗೋಡೆಗೆ ತೂಗುಹಾಕುತ್ತಾರೆ. ಕೊಳ್ಳುವವರಿಗೆ ರೊಟ್ಟಿ ಚೂರಿನ ಸಂಗತಿ ತಿಳಿದಿರುತ್ತದೋ ಇಲ್ಲವೋ.

ಓದಿನ ಮಾತಿಗೆ ಬರುತ್ತೇನೆ. ಮಸ್ಕಿ ನಮ್ಮ ಪಕ್ಕದ್ದು. ಮೊದಲು ಒಂದೇ ತಾಲೂಕಿನಲ್ಲಿದ್ದೆವು, ಈಗ ಅದು ತಾನೇ ತಾಲೂಕು. ಅಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರವನ್ನು 1915ರಲ್ಲಿ ಚಿನ್ನದ ಗಣಿ ಹುಡುಕಿಕೊಂಡು ಬಂದ ಬೀಡನ್ ಎಂಬ ಇಂಜಿನಿಯರ್ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಆ ಕಲ್ಲಿನಿಂದ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ತಿಳಿಸಿರಿ ಎಂಬ ಅರ್ಥದ ಮಾತು ಅದರಲ್ಲಿದೆ. ತಿಳಿಸಲು ಹೇಳಿ ಎರಡು ಸಾವಿರ ವರ್ಷದ ಮೇಲಾಯಿತು. ನಮ್ಮವ್ವಗೆ ಅಕ್ಷರ ಬಂದದ್ದು ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಕಂದೀಲಿನ ಬೆಳಕಿನಲ್ಲಿ, ಅದೂ ಅರ್ಧಂಬರ್ಧ. ಬಸ್ಸಿನ ಬೋರ್ಡು ಓದುತ್ತಾಳೆ, ತನ್ನ ಹೆಸರು ಬರೆಯುತ್ತಾಳೆ. ಪುಸ್ತಕ ಮಾತ್ರ ಕಿವಿಯಿಂದಲೇ.

ಹಾಗಾಗಿ ನಾನು ಓದುವುದು, ಆಕೆ ಹೊಲಿಯುತ್ತ ಕೇಳುವುದು ರೂಢಿ ಆಯಿತು. ದೇವನೂರ ಮಹಾದೇವರ ‘ಒಡಲಾಳ’ ಓದಿದ ರಾತ್ರಿ ಚೆನ್ನಾಗಿ ನೆನಪಿದೆ. ಮೈಸೂರು ಕಡೆಯ ಮಾತು ಮೊದಮೊದಲು ಆಕೆಗೆ ಹತ್ತಲಿಲ್ಲ. “ಇವರು ಯಾವ ದೇಶದವರಬೇ?” ಎಂದಳು. ಸಾಕವ್ವ ಕಳೆದುಹೋದ ಹುಂಜ ಹುಡುಕುವಲ್ಲಿ ಕಿವಿ ನೆಟ್ಟಗಾಯಿತು. ಮನೆಮಂದಿಯೆಲ್ಲ ಸುತ್ತ ಕುಂತು ರಾತ್ರಿಯೆಲ್ಲ ಕಡಲೆಕಾಯಿ ತಿನ್ನುವಲ್ಲಿಗೆ ಬಂದಾಗ ಸೂಜಿ ನಿಲ್ಲಿಸಿಬಿಟ್ಟಳು. “ಕಡಲಿಕಾಯಿ ಅಂದ್ರ ನಮ್ಮ ಶೇಂಗಾನಾ? ಸಿಪ್ಪಿ ಎಲ್ಲಿ ಚೆಲ್ಲಿದರು? ಸಿಪ್ಪಿ ಸಿಕ್ಕರ ಹಿಡೀತಾರ!” ಎಂದು ಆಕೆಗೇ ಗಾಬರಿ. ಸಾಹಿತ್ಯ ವಿಮರ್ಶೆಯನ್ನು ನಾನು ಬಹಳ ಓದಿದ್ದೇನೆ. ಸಿಪ್ಪೆಯ ಪ್ರಶ್ನೆ ಕೇಳಿದವರನ್ನು ಬೇರೆ ಕಾಣಲಿಲ್ಲ.

ಈಗ ಕಾಲ ಬದಲಾಗಿದೆ. 2013ರಿಂದ ಅನ್ನಭಾಗ್ಯದ ಅಕ್ಕಿ ಬಂದು ನಮ್ಮ ಮಕ್ಕಳಿಗೆ ಅನ್ನ ದಿನದ ಊಟ ಆಯಿತು. ನಾವು ಸಣ್ಣವರಿದ್ದಾಗ ಅನ್ನ ಹಬ್ಬಕ್ಕೆ ಮಾತ್ರ. ಅದನ್ನು ಆಡಿಕೊಳ್ಳುವ ಹೊಟ್ಟೆ ತುಂಬಿದವರ ಜೊತೆ ನಾನು ಸೇರಲಾರೆ. ಸೀರೆಗಳು ಪಾಲಿಸ್ಟರ್ ಆದವು, ಅವುಗಳಿಂದ ಮಾಡಿದ ಕೌದಿ ಬೆವರು ಹೀರುವುದಿಲ್ಲ, ಮೈಮೇಲಿಂದ ಜಾರುತ್ತದೆ. ಅವ್ವ ಅಂಥದ್ದನ್ನು ಮುಟ್ಟುವುದಿಲ್ಲ. ಆಕೆಯ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು, ಆದರೂ ಮೊಹರಮ್ಮಿಗೆ ಮುಂಚೆ ಮನೆಯ ಕೌದಿಯೆಲ್ಲ ಹಳ್ಳಕ್ಕೆ ಒಯ್ದು ಒಗೆಯಬೇಕೆಂಬ ಹಟ ಬಿಟ್ಟಿಲ್ಲ. ಹುಸೇನಿ ಆಲಂ ನೋಡಲು ನೆಂಟರು ಬರುತ್ತಾರಲ್ಲ, ಹಾಸಲು ಬೇಕು.

ಹೋದ ಸಲ ಅಂಬೇಡ್ಕರ್ ಜಯಂತಿಗೆ ಕೇರಿಯ ಹುಡುಗರು ಬಂದು, “ಅಕ್ಕಾ, ಐದುನೂರು ರೊಟ್ಟಿ ಆಗಬೇಕು, ಹೆಂಗಸರಿಗೆ ಹೇಳ್ರಿ” ಎಂದರು. ಭಾಷಣದ ವಿಷಯ ‘ಮಹಿಳಾ ವಿಮೋಚನೆ’. ಪ್ರತಿ ವರ್ಷ ಹೆಂಗಸರು ಪೆಂಡಾಲಿನ ಹಿಂದೆ ಹೊಗೆಯಲ್ಲಿ ಕುಂತು ತಮ್ಮ ವಿಮೋಚನೆಯನ್ನು ಮೈಕಿನಲ್ಲಿ ಕೇಳುತ್ತಿದ್ದರು. “ಈ ಸಲ ನೀವು ಬಡೀರಿ, ನಾವು ಮುಂದ ಕುಂತು ಕೇಳ್ತೀವಿ” ಎಂದೆ. ನಕ್ಕರು. ನಾನು ನಗಲಿಲ್ಲ ಎಂದು ನೋಡಿ ಸುಮ್ಮನಾದರು. ಎರಡು ದಿನ ಮಾತುಕತೆ ಆಯಿತು, ಹಿರಿಯರೊಬ್ಬರು “ಸಂಪ್ರದಾಯ” ಎಂದು ಬಾಯಿ ತೆರೆದವರು ತಾವೇ ಮುಚ್ಚಿಕೊಂಡರು. ಕೊನೆಗೆ ನಾಲ್ಕುನೂರು ರೊಟ್ಟಿ ಅಂಗಡಿಯಿಂದ ಬಂತು, ನೂರು ರೊಟ್ಟಿಗೆ ಹನ್ನೆರಡು ಹುಡುಗರು ಕುಂತರು. ಅವ್ವ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲಿ ಕುಂತು, “ಎಸರು ಕುದೀಲಿ, ಕುದೀಲಿ, ಏನ್ ಅವಸರ ಐತಿ ನಿಮಗ?” ಎನ್ನುತ್ತಿದ್ದಳು. ಅರ್ಧಕ್ಕರ್ಧ ಹರಿದವು. ಒಂದು ಉಬ್ಬಿತು. ಅದನ್ನು ಬಡಿದ ಹುಡುಗ ಅದನ್ನು ಎತ್ತಿ ಹಿಡಿದುಕೊಂಡು ಪೆಂಡಾಲಿನ ತುಂಬಾ ಓಡಾಡಿದ, ಭಾಷಣ ಮಾಡುತ್ತಿದ್ದವರು ಒಂದು ಗಳಿಗೆ ನಿಲ್ಲಿಸಬೇಕಾಯಿತು. ಹರಿದವನ್ನು ನಾವು ಪುಂಡಿಪಲ್ಯದಲ್ಲಿ ಅದ್ದಿ ಉಂಡೆವು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.